ಅರ್ಥಿಂಗ್ ಕುಣಿ

ಬನಹಟ್ಟ್ಯಾಗ ಚನಮಲ್ಲಪ್ಪನ ಶೆಡ್ಡಿಗೆ
ಹದಿನಾರು ಮಗ್ಗದ ವೈರಿಂಗ್ ಎಳದಾಂವ ನಾ.
ಗೇಣಿಗೊಂದು ಕ್ಲಾಂಪು, ದಾರ ಹಿಡದಾಂಗ ಪೈಪು,
ಕೆಂಪು ಹಳದಿ ನೀಲಿ ಮೂರೂ ಫೇಜು
ಜಡಿ ಹೆಣದಾಂಗ ಬೋರ್ಡಿನೊಳಗ.
ನೋಡಿದವರೆಲ್ಲಾ ಭೇಷ್ ಅಂದ್ರು.
ನೆಲದಾಗಿಂದು ಯಾರು ನೋಡ್ತಾರ?

ಬಿಲ್ಲಿನಾಗ ಎಂಟು ಫೂಟು.
ಐದಕ್ಕ ಕಲ್ಲು ಹತ್ತಿತು, ಅಲ್ಲೇ ನಿಂದ್ರಿಸಿದ್ನಿ.
ಇದ್ದಲಿ ಅರ್ಧಾ ಚೀಲ,
ಉಪ್ಪು, ಚನಮಲ್ಲಪ್ಪನ ಹೇಣ್ತಿ ಉಪ್ಪಿನಕಾಯಿಗಿಟ್ಟದ್ದು
ಎರಡು ಬೊಗಸಿ.
ಮಂಗಳವಾರ ಸಂಬರಗಿ ಸಾಹೇಬ್ರು ಬರ್ತಾರಂತ
ಸೋಮವಾರ ರಾತ್ರಿ ಹನ್ನೆರಡು ಕೊಡ ನೀರು
ಗಟಗಟ ಕುಡಿಸಿದ್ನಿ ಎರಿ ಮಣ್ಣಿಗೆ.
ಈ ವಿದ್ಯೆ ನನ್ನ ಗುರು ಕಲಿಸಿದ್ದು,
ಅವಂಗ ಅವನ ಗುರು.

ಬಸ್ಸಿಳಿದು ನಡಕೋತ ಬಂದ್ರು.
ಚರ್ಮದ ಚೀಲದಾಗ ಮೀಟರು,
ಹಳೇ ಪೇಪರಿನಾಗ ಸುತ್ತಿದ ಎರಡು ಗೂಟ.
ಅವರು ಏರಿದ್ರು, ನಾ ಏಣಿ ಹಿಡದ್ನಿ.
ತಪ್ಪೂ ನಂದು, ಏಣಿನೂ ನಂದು.
ಮ್ಯಾಲಿಂದ ಅವರು ಸ್ಕ್ರೂ ಬಿಚ್ಚಿ ಕೆಳಗ ಕೊಟ್ಟಂಗ
ಕೈಯೊಡ್ಡಿ ಇಸ್ಕೊಂಡ್ನಿ, ಪ್ರಸಾದದಂಗ.

ಆಮ್ಯಾಲೆ ಕುಣಿ ಹತ್ರ ಕುಕ್ಕರಗಾಲಿಲೆ ಕುಂತ್ರು.
ಏಪ್ರಿಲ್ಲಿನ ಬಿಸಲು. ಊರ ತುಂಬ ನೆಲ ಬಿರಿದಿತ್ತು.
ಕುಣಿ ಅಂಚಿಗೆ ಮಾತ್ರ
ನಾಕೈದು ಜೇನ್ನೊಣ, ಬಾಲ ಅಲ್ಲಾಡಿಸ್ಕೋತ
ಉಪ್ಪಿನ ನೀರು ಹೀರತಿದ್ವು.
“ಮಳಿ ಆಗೇತೇನೋ ದಾವಲಸಾಬ?”
“ಇಲ್ರಿ.”
“ಇದೊಂದ ಕುಣ್ಯಾಗ ಆಗೇತಿ ಹಂಗಾರ.”

ಮೀಟರು ಚೀಲದಿಂದ ಹೊರಗ ಬರಲೇ ಇಲ್ಲ.
ಚಾ ಕುಡಿದ್ರು, ತಮ್ಮ ರೊಕ್ಕ ತಾವ ಕೊಟ್ರು.
“ಮತ್ತ ಬರ್ತೀನಿ. ಯಾವಾಗ ಅಂತ ಹೇಳೂದಿಲ್ಲ.
ಅರ್ಥ ಆತಿಲ್ಲೋ?”
“ಆಗಿಲ್ರಿ ಸಾಹೇಬ್ರ, ಅರ್ಥ ಇನ್ನಾ ಐದ ಫೂಟ ಐತಿ”
ಅಂದುಬಿಟ್ಟಿತು ಬಾಯಿ, ನನ್ನ ಕೇಳದ.
ಅವರು ನಗಲಿಲ್ಲ.
ಚೀಲದ ಜಿಪ್ಪು ಮಾತ್ರ ಎರಡು ಸಲ ಎಳದ್ರು.

ಕರೆಂಟಿಲ್ಲದ ಮಗ್ಗ ಹದಿನಾರೂ ನನ್ನ ನೋಡಿದ್ವು.
“ಅವನ ಕಿಸೇಕ ಐನೂರು ಒಗದಿದ್ರ ಮುಗೀತಿತ್ತು,”
ಚನಮಲ್ಲಪ್ಪ ದಿನಾ ಮುಂಜಾನೆ ಬೈದ.
ನಾ ಕಲ್ಲು ಒಡದ್ನಿ. ನಾಕು ದಿನ, ಎರಡು ಉಳಿ ಮೊಂಡಾದ್ವು.
ಕಲ್ಲಿನ ಕೆಳಗ ಮತ್ತೊಂದು ಮಣ್ಣಿತ್ತು,
ತಣ್ಣಗ, ಯಾರೂ ಮುಟ್ಟದ್ದು.
ಅಂಗೈಯಾಗ ಹಿಡಕೊಂಡು ಸುಮ್ನ ಕುಂತಿದ್ನಿ ಒಂದೀಟು.

ಹನ್ನೆರಡನೇ ದಿನ, ಮಧ್ಯಾಹ್ನ ಎರಡಕ್ಕ, ಬಂದ್ರು.
ಗೂಟ ನಾ ಬಡದ್ನಿ, ಹ್ಯಾಂಡಲ್ಲು ಅವರು ತಿರುವಿದ್ರು.
ಮುಳ್ಳು ಓಡಿ, ತಡದು, ನಿಂತಿತು.
ಇಬ್ಬರ ತಲಿನೂ ಒಂದ ಕಡೆ ಬಾಗಿತ್ತು,
ಅವರ ಬೆವರು ನನ್ನ ಮುಂಗೈ ಮ್ಯಾಲ ಬಿತ್ತು.
ಸಹಿ ಹಾಕ್ಕೋತ, ಕಾಗದ ನೋಡ್ಕೋತ ಅಂದ್ರು:
“ನೀರು ಹಾಕಿದ್ದು ತಪ್ಪಲ್ಲಪಾ. ಬ್ಯಾಸಗ್ಯಾಗ ಹಾಕಬೇಕು.
ನನಗಂತ ಹಾಕಿದ್ದಿ ನೋಡು.”

ಈಗ ಅವರು ವಿಜಯಪುರದಾಗ.
ವರ್ಷಕ್ಕೊಮ್ಮೆ ಫೋನು. ಆರಾಮ ಅದೀಯೇನು, ಅದೆಲ್ಲಾ ಇಲ್ಲ.
“ಎಷ್ಟು ಬಂತು?”
“ಎರಡರೊಳಗ ಐತ್ರಿ.”
ಕಟ್.

ಯುಗಾದಿ ಮುಗಿದ ಮ್ಯಾಲ, ಕೆಲಸ ಬಿಟ್ಟ ಮ್ಯಾಲ,
ಕೊಡ ತಗೊಂಡು ಹೊಂಡ್ತೀನಿ,
ನಾ ತೋಡಿದ ಕುಣಿ ನಲವತ್ತರ ಮ್ಯಾಲ ಅದಾವ.
ಒಳಗ ಚನಮಲ್ಲಪ್ಪನ ಸೊಸಿ ಗಂಗವ್ವ
ಹಸಿ ಕೈಲೆ ಮಗ್ಗದ ಸ್ಟಾರ್ಟರ್ ಒತ್ತಿ
ಚಾಲೂ ಆಗದ್ದಕ್ಕ ನನಗ ಬೈತಾಳ.
ಬೈಲಿ. ಬೈಯಾಕ ಅದಾಳ.

ನಾಳೆ ಹೊಸಾ ಸಾಹೇಬ್ರು ಬರ್ತಾರಂತ,
ಸಣ್ಣ ವಯಸ್ಸು, ಇನ್ನಾ ಬೂಟಿಗೆ ಧೂಳು ಹತ್ತಿಲ್ಲ.
ಕುಣಿ ಹಸಿ ಐತಿ. ಜೇನ್ನೊಣ ಬಂದು ಕುಂತಾವ.
ಏನು ತಿಳ್ಕೋತಾರೋ.
ಏಣಿ ಒರಸಿ ಇಟ್ಟೀನಿ.