ಹದಿನೇಳನೆಯ ಅಧ್ಯಾಯದಿಂದ

ಮೂರು ತಿಂಗಳು ಸುದ್ದಿಯಿಲ್ಲದಿದ್ದರೆ
ಪುಸ್ತಕ ಬೇರೆಯವರಿಗೆ. ನಿಯಮ.
ಜೋಯಪ್ಪ ಮೇಷ್ಟ್ರು ಓದುತ್ತಿದ್ದ ಕಾದಂಬರಿ ಹೀಗೆ
ಸುಂಟಿಕೊಪ್ಪದ ನನ್ನ ಮೇಜಿಗೆ ಬಂತು.

ಹದಿನಾರರ ಕೊನೆಗೆ ಕುಕ್ಕರಿನ ಅರ್ಧ ಸೀಟಿ,
ಹಾಳೆ ಮಗುಚಿದ ಸದ್ದು,
ಆಮೇಲೆ ಹನ್ನೊಂದು ಸೆಕೆಂಡು
ಯಾರೂ ಇಲ್ಲ.

ಫೋನು ಮಾಡಿದೆ. ನಕ್ಕರು:
"ಮುಂದಿನ ಹಲ್ಲು ಹೋದವು ಕಣಮ್ಮ,
ಸರಸಿ ಹೋಗಿ ಥರಥಿ ಆಗ್ತಾಳೆ.
ಪಾಪ, ಅವಳಿಗಿರುವ ಕಷ್ಟ ಸಾಲದೆ?"

ತೋಟದ ಪಲ್ಪರ್ ನಿಲ್ಲುವವರೆಗೆ ಕಾದು,
ಕಿಟಕಿಗೆ ಕಂಬಳಿ ಕಟ್ಟಿ
ಶುರು ಮಾಡಿದೆ.
ಸರಸಿ, ಎಂದೆ. ತೀರಾ ಸ್ವಚ್ಛವಾಗಿ ಬಂತು.
ಅಳಿಸಿ ಮತ್ತೆ ಹೇಳಿದೆ,
ಬೇರೆಯವರ ಮಗಳನ್ನು ಕರೆದ ಹಾಗೆ, ಮೆತ್ತಗೆ.

ಮೊದಲ ಹದಿನಾರನ್ನು ಮುಟ್ಟಿಲ್ಲ,
ಆ ಅರ್ಧ ಸೀಟಿಯನ್ನೂ.
ಉಳಿದರ್ಧ ನನ್ನ ಅಡುಗೆಮನೆಯಲ್ಲಿ ಕೂಗಿದರೆ
ಕೂಗಲಿ.