ನಾಲ್ಕನೆಯ ಹಾರ್ನಿನ ಕುರ್ಚಿಯಿಂದ

ಮೊದಲು ನೀರು ಚೆಲ್ಲು, ವೆಂಡುಲಾ.
ಕೊಳವೆ ಗೊರಗೊರ ಅನ್ನುತ್ತಿದೆ,
ಶೀತವಾದ ಮಗುವಿನ ಮೂಗಿನ ಹಾಗೆ.
ಇನ್ನೊಮ್ಮೆ ತಿರುಗಿಸು. ಇನ್ನೂ ಇದೆ.
ಹನ್ನೆರಡು ಅಡಿ ಹಿತ್ತಾಳೆಯೊಳಗೆ ನಿನ್ನದೇ ಉಸಿರು
ಯಾವುದೋ ತಿರುವಿನಲ್ಲಿ ಹನಿಯಾಗಿ ಕೂತಿರುತ್ತದೆ,
ನಿನ್ನ ಅತಿ ಮೆಲ್ಲನೆಯ ಸ್ವರಕ್ಕೇ ಕಾದು.

ಹೊರಗೆ ಒಲೊಮೊತ್ಸಿನ ಜನವರಿ.
ಟ್ರಾಮಿನಲ್ಲಿ ಬರುವಾಗ ಮೌತ್‌ಪೀಸು
ಕೋಟಿನ ಒಳಜೇಬಿನಲ್ಲಿರಲಿ, ಪೆಟ್ಟಿಗೆಯಲ್ಲಲ್ಲ.
ತಣ್ಣನೆಯ ಲೋಹ ತಾಗಿದರೆ ತುಟಿ
ಬೆಚ್ಚಿ ಹಿಂದೆ ಸರಿಯುತ್ತದೆ, ಆಮೇಲೆ
ರಮಿಸಿ ಕರೆದರೂ ಅರ್ಧ ಗಂಟೆ ಬರುವುದಿಲ್ಲ.

ಇಲ್ಲಿ ನೋಡು, ಉಂಗುರ ಕೆಂಪಗೆ ಬಿದ್ದಿದೆ.
ಒತ್ತುತ್ತೀಯ.
ಗೊತ್ತು, ಮೇಲಿನ ಸ್ವರ ಸಿಗದಿದ್ದಾಗ
ಎಡಗೈ ತಾನಾಗಿಯೇ ಎಳೆದುಕೊಳ್ಳುತ್ತದೆ,
ಮುಳುಗುವವನು ದಡದ ಹುಲ್ಲಿಗೆ ಕೈ ಹಾಕಿದಂತೆ.
ಒಂದು ವಾರ ಆ ಕಿರುಬೆರಳನ್ನು ಕೊಕ್ಕೆಯಿಂದ ಬಿಡಿಸಿ ನುಡಿಸು.
ಸ್ವರ ಬಿದ್ದರೆ ಬೀಳಲಿ.
ಬಾಯಿಯ ಎರಡು ಅಂಚು ಗಟ್ಟಿ, ನಡುವೆ ಮೆತ್ತಗೆ.
ಮೂಟೆಯ ಬಾಯಿಗೆ ಹುರಿ ಬಿಗಿದ ಹಾಗಲ್ಲ;
ಬಿಸಿ ಸೂಪನ್ನು ಚಮಚದಲ್ಲಿ ಆರಿಸುತ್ತೀಯಲ್ಲ, ಹಾಗೆ.

ತಾಳಿದವನು ಬಾಳಿಯಾನು ಅನ್ನುತ್ತಾರೆ.
ಅಂದವರು ಯಾರೂ ಹಾರ್ನ್ ಊದಿದವರಲ್ಲ.

ನಾನು ತಾಳಿದೆ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ.
ಮೂರನೆಯ ಹಾರ್ನಿನ ಬೊಹುಸ್ಲಾವ್‌ಗೆ ಜ್ವರ,
ಅವನ ಏರುಸ್ವರಗಳೂ ನನ್ನ ತಲೆಗೇ.
ವಾರಕ್ಕೆ ಒಂಬತ್ತು ಪ್ರದರ್ಶನ,
ಬೆಳಿಗ್ಗೆ ಮಕ್ಕಳಿಗೆ, ರಾತ್ರಿ ದೊಡ್ಡವರಿಗೆ.
ಗುರುವಾರ ಮೇಲ್ದುಟಿ ಮರಗಟ್ಟಿತು. ಒತ್ತಿದೆ.
ಶುಕ್ರವಾರ ಇನ್ನೂ ಒತ್ತಿದೆ.
ಶನಿವಾರ ಮೂರನೆಯ ಅಂಕದಲ್ಲಿ
ಊದಿದರೆ ಬರೀ ಗಾಳಿ.
ಬಸೂನಿನವಳು ತಿರುಗಿ ನೋಡಿ
ಮತ್ತೆ ತನ್ನ ಪುಟಕ್ಕೆ ಕಣ್ಣಿಳಿಸಿದಳು.

ಐದು ತಿಂಗಳು ಇದೇ ಥಿಯೇಟರಿನಲ್ಲಿ
ಜನರ ಕೋಟು ಕಾಯುತ್ತ ನಿಂತೆ.
ಒದ್ದೆ ಉಣ್ಣೆಯ ವಾಸನೆ. ಸಂಖ್ಯೆ ಕೊರೆದ ಬಿಲ್ಲೆಗಳು,
ಕೈಗೆ ಉಳಿದ ಹಿತ್ತಾಳೆ ಅಷ್ಟೇ.
ಗೋಡೆಯಾಚೆ ಯಾರೋ ನನ್ನ ಭಾಗ ನುಡಿಸುತ್ತಿದ್ದರು.
ಆಗ ತಿಳಿಯಿತು ಅದರಲ್ಲಿ ಎಷ್ಟು ಮೌನವಿದೆ ಎಂದು:
ನೂರ ನಲವತ್ತು ಬಾರ್ ಸುಮ್ಮನೆ, ಆಮೇಲೆ ಆರು ಸ್ವರ,
ಮತ್ತೆ ಎಂಬತ್ತೆಂಟು ಬಾರ್.
ಅಷ್ಟು ವರ್ಷ ಅದನ್ನು ನಾನು
ಸಾಲ ಎಣಿಸಿದಂತೆ ಎಣಿಸಿದ್ದೆ, ಗಂಟಲು ಬಿಗಿಹಿಡಿದು.
ಅದು ಸಂಬಳ ಕಣೇ.

ಎಣಿಸುವಾಗ ಹಾರ್ನ್ ಮಡಿಲಲ್ಲಿರಲಿ.
ತುಟಿಯನ್ನು ಕುದುರೆಯ ಹಾಗೆ ಬುರ್ ಬುರ್ ಅನ್ನಿಸು,
ಆ ಗುಂಡಿಯ ಕತ್ತಲಲ್ಲಿ ಯಾರೂ ನೋಡುವುದಿಲ್ಲ.
ಮನೆಯಲ್ಲೂ ಅಷ್ಟೇ: ಹತ್ತು ನಿಮಿಷ ನುಡಿಸಿದರೆ
ಹತ್ತು ನಿಮಿಷ ಆಲೂಗಡ್ಡೆ ಸುಲಿ.
ಸಂಜೆ ಪ್ರದರ್ಶನವಿದ್ದರೆ ಉಪ್ಪು ಸಾಸೇಜು ಮುಟ್ಟಬೇಡ,
ನೀನು ಊದುವ ಮೊದಲೇ ತುಟಿ ಊದುತ್ತದೆ.

ಬೆಳಿಗ್ಗೆ ಕೆಳಗಿನ ಸ್ವರಗಳಿಂದ ಶುರು ಮಾಡು,
ದವಡೆ ಇಳಿಸಿ, ಉದ್ದಕ್ಕೆ, ಪಕ್ಕದ ಮನೆಯವರು ಏಳದಷ್ಟು ಮೆತ್ತಗೆ.
ನಾಲ್ಕನೆಯ ಹಾರ್ನ್ ಅಂದರೆ ನೆಲಮಾಳಿಗೆ.
ಮೇಲಿನ ಮಹಡಿಯವರಿಗೆ ಚಪ್ಪಾಳೆ ಬೀಳುತ್ತದೆ;
ಕೆಳಗೆ ನಾವು ಅಲುಗಿದರೆ ಮಾತ್ರ ಗೊತ್ತಾಗುತ್ತದೆ.

ಮತ್ತೆ, ಸ್ವರ ಒಡೆಯುತ್ತದೆ. ಒಡೆದೇ ಒಡೆಯುತ್ತದೆ.
ಚೂರು ಆರಿಸಲು ಬಗ್ಗಬೇಡ,
ಮುಂದಿನ ಬಾರ್ ಆಗಲೇ ಬಾಗಿಲಲ್ಲಿರುತ್ತದೆ.

ಮೇ ತಿಂಗಳಿಗೆ ಈ ಕುರ್ಚಿ ನಿನ್ನದು.
ಹಿಂದಿನ ಎಡಗಾಲು ತುಸು ಗಿಡ್ಡ.
ಕೆಳಗೆ ಒಂದು ಬಿಲ್ಲೆ ಇಟ್ಟಿದ್ದೇನೆ, ಇನ್ನೂರ ಹನ್ನೊಂದು.
ಯಾರದೋ ಬೂದು ಕೋಟು,
ಕೊನೆಯವರೆಗೂ ಕೇಳಿಕೊಂಡು ಬರಲಿಲ್ಲ.
ಗುಡಿಸುವವರಿಗೆ ಹೇಳು, ತೆಗೆಯಬಾರದು ಎಂದು.

ಸರಿ, ಹಾರ್ನ್ ಎತ್ತು.
ಇಲ್ಲ, ಭುಜ ಅಲ್ಲ. ಹಾರ್ನ್.