ಜೋಡಿ ಸಂಖ್ಯೆ ಹದಿನೇಳು

ಕೋಮೋ ಸರೋವರದ ಬಡಗಣ ತುದಿ. ಬೆಟ್ಟಗಳು
ತುಸು ಹಿಂದೆ ಸರಿದು ಜಾಗ ಬಿಟ್ಟಲ್ಲಿ
ನಮ್ಮ ಕಾರ್ಖಾನೆ.
ಮಧ್ಯಾಹ್ನ ತಪ್ಪದೆ ಬ್ರೇವಾ ಗಾಳಿ ಬಂದು
ತಗಡಿನ ಬಾಗಿಲು ಬಡಿಯುತ್ತದೆ.
ಓರೆಸ್ತೆ ಬಾಲಾತ್ತಿ ತಲೆ ಎತ್ತುವುದಿಲ್ಲ.

ಅವನೆದುರು ಗೋಳ: ಹಸುಗೂಸಿನ ತಲೆಯಷ್ಟು,
ತೂಕ ಮಾತ್ರ ಹತ್ತು ಕೂಸಿನದು.
ಉಕ್ಕಿನ ಮೈಗೆ ಟಂಗ್‌ಸ್ಟನ್ ಕಾರ್ಬೈಡಿನ ತೊಗಲು,
ಸದ್ದನ್ನೂ ಹಿಂದಿಕ್ಕುವ ಬೆಂಕಿಯಲ್ಲಿ ಎರಚಿ ಕೂರಿಸಿದ್ದು.
ದಪ್ಪವೆಷ್ಟು ಅಂದೆ, ಮೊದಲ ದಿನ.
‘ನಿನ್ನ ಮೂರು ಕೂದಲು. ನನ್ನವು ಉಳಿದಿಲ್ಲ’ ಅಂದ.

ನಡುವೆ ಕೊರೆದ ಹಾದಿ.
ಹೀಗಿದ್ದರೆ ದಾರಿ,
ಕಾಲು ಸುತ್ತು ತಿರುಗಿದರೆ ಗೋಡೆ.
ಗೋಡೆಯ ಆಚೆ ನಾನೂರು ಪಟ್ಟು ಗಾಳಿಯ ಭಾರ
ಹೊತ್ತುಕೊಂಡ ಅನಿಲ,
ಕೂದಲೆಳೆಯ ಸಂದಿಗಾಗಿ ಕಾದು ಕೂತದ್ದು.

ವಜ್ರದ ಪುಡಿ ಕಲಸಿದ ಎಣ್ಣೆ ಸವರಿ
ಪೀಠದ ಬಳೆಯನ್ನು ಗೋಳದ ಮೇಲಿಟ್ಟು ಉಜ್ಜುತ್ತಾನೆ,
ಬಲಕ್ಕೆ, ಎಡಕ್ಕೆ, ಓರೆಯಾಗಿ,
ಹೋದ ದಾರಿಯಲ್ಲಿ ಮತ್ತೆ ಹೋಗದ ಹಾಗೆ.
ಆಮೇಲೆ ಒರೆಸಿ, ನೀಲಿ ಬಳಿದು, ಒಮ್ಮೆ ಮುಟ್ಟಿಸಿ ಎತ್ತಿದರೆ
ಬಳೆಯ ಒಳಗೊಂದು ನೀಲಿ ಬಳೆ.
ಎಲ್ಲಾದರೂ ಎಳ್ಳಷ್ಟು ತುಂಡಾಗಿತ್ತೋ,
ಮತ್ತೆ ಉಜ್ಜು.

ನಾನು ನಕ್ಷೆ ತಂದಿದ್ದೆ, ಆರು ಮಿಲಿಮೀಟರಿನ ಪಟ್ಟಿ.
ಅಗಲವಾದಷ್ಟೂ ಭದ್ರ ಅಂದುಕೊಂಡಿದ್ದೆ.
‘ಹಿಮದ ಮೇಲೆ ಅಗಲ ಹಲಗೆ ಕಟ್ಟಿ ನಡೆದವನ
ಭಾರ ಎಲ್ಲಿಗೆ ಹೋಗುತ್ತೆ?’
‘ಹಂಚಿ ಹೋಗುತ್ತೆ.’
‘ನಮಗೆ ಹಂಚಬಾರದು, ಇಂಜಿನಿಯರೇ.’
ಸೂಜಿಯಂತೆಯೂ ಬೇಡವಂತೆ,
ತೊಗಲು ಮೊಟ್ಟೆಯೋಡಿನ ಹಾಗೆ ಬಿರಿಯುತ್ತದೆ.
ಪೆನ್ಸಿಲು ಕಿವಿಯಿಂದ ತೆಗೆದು
ಆರನ್ನು ಹೊಡೆದು ಎರಡು ಬರೆದ, ಮತ್ತೆ ಯೋಚಿಸಿ
ಪಕ್ಕದಲ್ಲೊಂದು ಅರ್ಧ.

ಮೆತ್ತನೆಯ ಪೀಠ ಹಾಗಲ್ಲ, ಗೀರು ಬಿದ್ದರೂ
ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಆದರೆ ಈ ಕೊಳವೆಯ ಕಾವಿಗೆ
ಅದು ಬೆಣ್ಣೆ.
ಗಟ್ಟಿಯದು ಗಟ್ಟಿಯದನ್ನು ಮುಟ್ಟುವಲ್ಲಿ
ಯಾರ ತಪ್ಪನ್ನು ಯಾರೂ ಹೊಟ್ಟೆಗೆ ಹಾಕಿಕೊಳ್ಳುವುದಿಲ್ಲ.

ನವೆಂಬರಿನಲ್ಲಿ ಸ್ಟಾವಾಂಗರಿನಿಂದ ತಪಾಸಣೆಗೆ ಸಿಗ್ರುನ್ ಬಂದಳು.
ಹದಿನಾರು ಕವಾಟಗಳು ಬಾಯಿ ಬಿಡಲಿಲ್ಲ.
ಹದಿನೇಳರ ನಳಿಗೆಯಿಂದ ಗಾಜಿನ ಲೋಟದೊಳಗೆ
ಒಂದು, ಎರಡು, ಆಮೇಲೆ ಎಣಿಕೆಗೆ ಸಿಗದಂತೆ
ಗುಳ್ಳೆಯ ಹಿಂದೆ ಗುಳ್ಳೆ, ದಾರ ಹರಿದ ಮಣಿಸರ.

ಅವಳು ಬರೆದುಕೊಂಡಳು.
ಓರೆಸ್ತೆ ಹಿಡಿಯನ್ನು ಒಮ್ಮೆ ತಿರುಗಿಸಿ, ಕಣ್ಣು ಮುಚ್ಚಿ,
‘ಇದು ನಾನು ಉಜ್ಜಿದ ಜೋಡಿಯಲ್ಲ’ ಅಂದ.

ತೊಳೆದಿಟ್ಟವಳು ನಾನು.
ಹದಿನೇಳರ ಬಳೆ, ಹದಿನೆಂಟರ ಬಳೆ,
ಅದೇ ಅಳತೆ, ಅದೇ ಲೋಹ. ಚೀಟಿ ಒದ್ದೆಯಾಗಿ ಕಳಚಿತ್ತು.
ನನ್ನ ನಕ್ಷೆಯಲ್ಲಿ ಅವೆರಡೂ ಒಂದೇ.
ಒಂದೇ ಅಂದುಕೊಂಡು ಕೈಗೆ ಸಿಕ್ಕಿದ್ದನ್ನು ಹಾಕಿದ್ದೆ.

ಹೇಳಿದೆ. ಸಿಗ್ರುನ್ ಮುಂದೆಯೇ ಹೇಳಿದೆ.
ಓರೆಸ್ತೆ ನನ್ನ ಕಡೆ ನೋಡದೆ
ಸ್ಪ್ಯಾನರು ಎರಡು ತಂದ, ಒಂದನ್ನು ಕೊಟ್ಟ.
ರಾತ್ರಿ ಎರಡರವರೆಗೆ ಇಪ್ಪತ್ತು ಬೋಲ್ಟು ಬಿಚ್ಚಿ, ಇಪ್ಪತ್ತು ಕಟ್ಟಿ,
ನಡುವೆ ಅವನ ಡಬ್ಬಿಯ ತಣ್ಣನೆ ಪೊಲೆಂತಾ
ಇಬ್ಬರೂ ಒಂದೇ ಚಮಚದಲ್ಲಿ.

ಬೆಳಿಗ್ಗೆ ಅನಿಲ ತುಂಬಿದೆವು. ಐದು ನಿಮಿಷ.
ನಳಿಗೆಯ ತುದಿಯಲ್ಲಿ ಒಂದೇ ಗುಳ್ಳೆ
ದುಂಡಗಾಗಿ ನಿಂತಿತ್ತು,
ಬೀಳಲೂ ಇಲ್ಲ ಏಳಲೂ ಇಲ್ಲ.
ಬ್ರೇವಾಕ್ಕೆ ಇನ್ನೂ ಹೊತ್ತಿತ್ತು, ಬಾಗಿಲು ಸುಮ್ಮನಿತ್ತು.
ಸಿಗ್ರುನ್ ಗಡಿಯಾರದ ಗುಂಡಿ ಒತ್ತಿ
ಸಹಿ ಹಾಕಿದಳು.

ಈಗ ನಕ್ಷೆಯ ಕೆಳಗೆ ನನ್ನದೊಂದು ಸಾಲು:
‘ಉಜ್ಜಿದ ಮೇಲೆ ಬೇರ್ಪಡಿಸಬಾರದು.’
ಓರೆಸ್ತೆ ಕನ್ನಡಕ ಏರಿಸಿ ಓದಿ
ಅಕ್ಷರ ಚಿಕ್ಕದಾಯಿತು ಅಂದ.
ಹಾಳೆಯ ಮೂಲೆಯಲ್ಲಿ
ಅವನ ಹೆಬ್ಬೆರಳು ಬಿಟ್ಟುಹೋದ ನೀಲಿ
ಇನ್ನೂ ಇದೆ, ಅರ್ಧ ಬಳೆ.